ಜಿಂಕೆಕೊಂಬಿನ ಗಿಡಕ್ಕೆ ಹಾಕಿದ ಹೊಲಿಗೆ

ಒದ್ದೆ ತೆಂಗಿನ ನಾರಿನ ವಾಸನೆ ಬಂದರೆ ಈಗಲೂ ನನ್ನ ಎರಡೂ ಕೈ ತಾವಾಗಿ ಬೆನ್ನ ಹಿಂದೆ ಹೋಗಿಬಿಡುತ್ತವೆ. ಇವತ್ತು ಬೆಳಿಗ್ಗೆ ಗೋಡೆಯ ಗಿಡಕ್ಕೆ ನೀರು ಹಾಕುವಾಗಲೂ ಹೋದವು; ತಂಬಿಗೆ ಕಾಲಮೇಲೆ ಬಿತ್ತು. ನಗಬೇಡಿ. ಇಲ್ಲ, ಕಾರಣ ಕೇಳಿ ಒಟ್ಟಿಗೆ ನಗಿ.

ದೇವನಹಳ್ಳಿಯ ನಮ್ಮ ಸೋದರತ್ತೆಯ ಹಿತ್ತಲಲ್ಲಿ ಒಂದು ಚಕ್ಕೋತದ ಮರ. ಅದರ ಕಾಂಡಕ್ಕೆ, ತೀರಿಹೋದ ಮಾವ ಕಟ್ಟಿ ಬೆಳೆಸಿದ್ದ ಜಿಂಕೆಕೊಂಬಿನ ಗಿಡ. ಮಣ್ಣು ಬೇಡ, ಕುಂಡ ಬೇಡ. ನಾರಿನ ಮೆತ್ತೆಯ ಮೇಲೆ ಕೂತು ಗಾಡಿ ಚಕ್ರದಷ್ಟಗಲ, ಜಿಂಕೆಯ ಕೊಂಬಿನಂತೆ ಕವಲೊಡೆದ ಎಲೆ ಚಾಚಿತ್ತು. ಅತ್ತೆ ದಿನಾ ಅದರ ಜೊತೆ ಮಾತಾಡುತ್ತಿದ್ದರು, ಅದೂ ಮಾವನನ್ನು ಬೈಯುತ್ತಿದ್ದ ಧಾಟಿಯಲ್ಲೇ.

ತೊಂಬತ್ತನೇ ಇಸವಿಯ ಸುಮಾರಿಗೆ ಮಗಳ ಬಾಣಂತನಕ್ಕೆಂದು ಹೊಸಕೋಟೆಗೆ ಹೊರಟ ಅತ್ತೆ ಗಿಡವನ್ನು ನನಗೆ ಒಪ್ಪಿಸಿದರು. ನೀರು ಹಾಕು, ಬೇರೇನೂ ಮಾಡಬೇಡ ಅಂದರು. ಪಿಯುಸಿಯನ್ನು ಮೂರನೇ ಸಲ ಓದುತ್ತಿದ್ದ ಪಂಡಿತ ನಾನು. ಬರೀ ನೀರು ಹಾಕಲು ನನ್ನಂಥವನು ಬೇಕೇ? ಗಿಡದ ಬುಡವನ್ನು ಅವುಚಿಕೊಂಡಿದ್ದ ದುಂಡನೆಯ ಎಲೆಗಳು ಕಂದುಬಣ್ಣಕ್ಕೆ ತಿರುಗಿ ಒಣಗಿದ್ದವು. ನಮ್ಮ ತೋಟದಲ್ಲಿ ಬಾಳೆಯ ಒಣಗಿದ ಎಲೆ ಸವರುವುದು ನನ್ನದೇ ಕೆಲಸ. ಅದೇ ಹುಮ್ಮಸ್ಸಿನಲ್ಲಿ ಮೂರು ಎಲೆ ಸುಲಿದು ತಿಪ್ಪೆಗೆ ಎಸೆದೆ. ಒಳಗೆ ಬೇರುಗಳು ಬತ್ತಲೆಯಾಗಿ ನಿಂತವು. ವಾರದೊಳಗೆ ಕೊಂಬುಗಳು ಜೋತುಬಿದ್ದಾಗ ಹೊಳೆಯಿತು: ಒಣಗಿದ್ದರೂ ಅವು ಬೇರಿನ ಕಂಬಳಿ.

ಆಗ ರಾಗಿ ಮೂಟೆ ಹೊಲಿಯುವ ದಬ್ಬಳ, ಗೋಣಿದಾರ ತಂದೆ. ತಿಪ್ಪೆಯಿಂದ ಎಲೆಗಳನ್ನು ಹೆಕ್ಕಿ, ನಾರಿನ ಮೆತ್ತೆಗೆ ಸೇರಿಸಿ ವಾಪಸ್ ಹೊಲಿದೆ. ಹೌದು, ಗಿಡಕ್ಕೆ.

ಅತ್ತೆ ಬಂದರು, ಹೊಲಿಗೆ ನೋಡಿದರು, ಒದ್ದೆ ನಾರನ್ನು ಒಮ್ಮೆ ಒತ್ತಿ ಒಳಗೆ ಹೋದರು; ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಾವನನ್ನು ಇನ್ನೊಮ್ಮೆ ಸಾಯಿಸಿದೆ ಅನ್ನಿಸಿತು. ಹದಿನೈದು ದಿನ ಆ ಬೀದಿಯ ಕಡೆಗೇ ತಲೆ ಹಾಕಲಿಲ್ಲ. ಕೊನೆಗೆ ಅವರೇ ಹೇಳಿಕಳಿಸಿದರು.

"ಬಾರಪ್ಪಾ ಟೈಲರು. ನಿನ್ನ ಹೊಲಿಗೆ ಬಿಚ್ಚು, ಒಳಗಡೆಯಿಂದ ತಳ್ತಾ ಐತೆ."

ಹೋಗಿ ನೋಡಿದರೆ ದಾರದ ಸಂದಿಯಲ್ಲಿ ಒಂದು ಪುಟ್ಟ ದುಂಡೆಲೆ, ಹಸಿರು, ಹೊಸದು. ನಾನು ಬಿಟ್ಟ ಉಸಿರಿಗೆ ಒಂದೆರಡು ಚಕ್ಕೋತ ಉದುರಬೇಕಿತ್ತು.

ಯಾರು ಕೇಳಿದರೂ ಕೊಡದಿದ್ದ ಅತ್ತೆ, ಮಗ್ಗುಲಲ್ಲಿ ಹುಟ್ಟಿದ್ದ ಮರಿಯೊಂದನ್ನು ನಾರಿನ ಸಮೇತ ಬಿಡಿಸಿ ನನ್ನ ಕೈಗಿಟ್ಟರು. ಇಷ್ಟು ಮಾಡಿದ ನನಗೇ ಯಾಕೆ ಅಂತ ಕೇಳಿದೆ.

"ಬೇರೆಯವ್ರು ಇನ್ಮೇಲೆ ಎಲೆ ಕಿತ್ತು ಕಲೀಬೇಕು ಕಣೋ. ನೀನು ಕಿತ್ತು ಮುಗ್ಸಿದ್ದೀಯ."

ಆ ಮರಿಯೇ ಈಗ ನಮ್ಮ ಗೋಡೆಯ ಮೇಲಿರುವುದು, ಮೊರದಷ್ಟಗಲ ಆಗಿದೆ. ಅದರ ಬುಡದ ಎಲೆ ಕಂದಿದ್ದನ್ನು ಕಂಡು ಪಕ್ಕದ ಮನೆಯವರು ಗಿಡ ಹೋಯಿತು ಅಂತ ಈಗಷ್ಟೇ ಮರುಗಿದರು. ಏನೂ ಆಗಲ್ಲ ಬಿಡಿ ಅಂದು, ಒಳಗೆ ಬಂದು ನಿಧಾನವಾಗಿ ಎರಡನೇ ಲೋಟ ಕಾಫಿ ಕುಡಿದೆ.