ಮರಕುಟುಕ ಒಳಗೆ ಹೋಯಿತೋ ಇಲ್ಲವೋ

೧೯೫೦ರಲ್ಲಿ ನಾನು ಶಾಲೆ ಬಿಟ್ಟೆ. ಬಿಡಿಸಿದರು ಎಂದು ನಮ್ಮ ಬಳಗದಲ್ಲಿ ಕೆಲವರು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ನಾನಾಗಿ ಬಿಟ್ಟೆ. ಗದಗಿನ ಹತ್ತಿರದ ನಮ್ಮೂರಿನಲ್ಲಿ ಮಾಸ್ತರರ ಖುರ್ಚಿಯ ಕಾಲು ಮುರಿದಿತ್ತು. ಬಡಿಗರ ಹುಡುಗ ಎಂದು ನನ್ನನ್ನೇ ಕರೆದು ಕೂರಿಸಿಕೊಡು ಎಂದರು. ಕೂರಿಸಿಕೊಟ್ಟೆ. ಅದೇ ಖುರ್ಚಿಯ ಮೇಲೆ ಕುಳಿತು, ಅದೇ ದಿನ, ಮಗ್ಗಿ ತಪ್ಪಿತೆಂದು ನನ್ನ ಅಂಗೈಗೆ ಛಡಿಯಿಂದ ಬಾರಿಸಿದರು. ನಾನು ಪಾಟಿಯನ್ನು ಅವರ ಮುಂದಿಟ್ಟು ಹೊರಗೆ ಬಂದೆ. ಆಮೇಲೆ ಯಾವ ಶಾಲೆಯ ಹೊಸ್ತಿಲನ್ನೂ ತುಳಿಯಲಿಲ್ಲ.

ಇದೆಲ್ಲ ಈಗ ಏಕೆ ಎಂದು ನೀವು ಕೇಳಬಹುದು. ಕಳೆದ ವಾರ ನಾಗಪುರದ ಲಕಡಗಂಜದ ನನ್ನ ಬಡಿಗೆ ಅಂಗಡಿಗೆ ರಿಪೇರಿಗೆಂದು ಒಂದು ಬೆಂಚು ಬಂತು. ಕೈಗಾಡಿಯಿಂದ ಇಳಿಸಿದರು. ಮಕ್ಕಳು ಕೂಡುವಂಥ ಗಿಡ್ಡ ಬೆಂಚು. ಒಂದು ಕಾಲು ಅಲುಗಾಡುತ್ತಿತ್ತು. ಮಗುಚಿ ಹಾಕಿ, ಒಳಮೈಗೆ ಮರ ಕೀಸುವ ರಂದ ಒಮ್ಮೆ ಎಳೆದೆ. ಹಳೆಯ ಸಾಗವಾನಿಯ ವಾಸನೆ ಗೊತ್ತಲ್ಲ ನಿಮಗೆ, ಎಣ್ಣೆಯಂತೆ, ಸ್ವಲ್ಪ ಚರ್ಮದಂತೆ. ಅದು ಮೂಗಿಗೆ ಬಡಿಯಿತು. ಆಮೇಲೆ ಕಾಲು ಕೂರಿಸಿದ ಕಚ್ಚಿನೊಳಗೆ ಮೊಳೆಯ ಬದಲು ಜಾಲಿಯ ಗೂಟ ಕಂಡಿತು. ಈ ನಾಗಪುರದಲ್ಲಿ ಬೆಂಚಿಗೆ ಜಾಲಿಯ ಗೂಟ ಹೊಡೆಯುವ ಹುಚ್ಚ ಒಬ್ಬನೇ ಇದ್ದಾನೆ. ಅದು ನಾನು.

ಹಿಂದೆಯೇ ಒಬ್ಬ ಹೆಂಗಸು ಸ್ಕೂಟರ್ ನಿಲ್ಲಿಸಿ ಒಳಗೆ ಬಂದಳು. ರಾಮದಾಸಪೇಠದ ಬ್ಯಾಂಕಿನಲ್ಲಿ ಕೆಲಸವಂತೆ, ಕೂದಲಲ್ಲಿ ಒಂದೆರಡು ಬಿಳಿ ಎಳೆ. "ಮಿಸ್ತ್ರಿ ಕಾಕಾ, ಗುರ್ತು ಸಿಗ್ತದೇನ್ರಿ? ನಾ ಅಜನಿ ಕ್ವಾರ್ಟರ್ಸಿನ ಕುಸುಮಿ!" ಎಂದಳು.

ಅವಳನ್ನು ಅಲ್ಲೇ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂಡಿಸಿರೋಣ. ಅವಳಿಗೆ ಚಹಾ ತರಿಸಿದ್ದೇನೆ. ನಾನು ನಿಮಗೆ ಸುಶೀಲಾಬಾಯಿಯವರನ್ನು ತೋರಿಸದೆ ಮುಂದೆ ಹೋಗುವಂತಿಲ್ಲ.

ಐವತ್ತರ ದಶಕದಲ್ಲಿ ಅಜನಿಯ ರೇಲ್ವೆ ಕ್ವಾರ್ಟರ್ಸಿನಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರದ ಕಡೆಯಿಂದ ವರ್ಗವಾಗಿ ಬಂದ ಹಲವು ಕನ್ನಡ ಮನೆಗಳಿದ್ದವು. ಗೂಡ್ಸ್ ಆಫೀಸಿನ ಕಾರಕೂನ ರಾಯರು, ಅವರ ಹೆಂಡತಿ ಸುಶೀಲಾಬಾಯಿ. ಈ ಬಾಯಿಯವರು ಮಕ್ಕಳಿಗಾಗಿ ಕತೆ ಬರೆಯುತ್ತಾರೆ, ಧಾರವಾಡದ ಕಡೆ ಅಚ್ಚಾಗುತ್ತವೆ ಎಂದು ನನ್ನ ಸೋದರಮಾವ ಹೇಳಿದ್ದ. ಅವನ ಕೈಕೆಳಗೇ ನಾನು ನಾಗಪುರಕ್ಕೆ ಬಂದು ಉಳಿ ಹಿಡಿದದ್ದು. ಅವರಿಗೊಂದು ಬೆಂಚು ಬೇಕಂತೆ, ಹೋಗಿ ಬಾ ಎಂದ. ಆಗ ನನಗೆ ಇಪ್ಪತ್ತು. ಮಕ್ಕಳ ಕತೆ ಬರೆಯುವವರೆಂದರೆ ಬೆಣ್ಣೆಯಂಥ ಮಾತು, ಸದಾ ನಗುಮುಖ ಎಂದು ನನ್ನ ಎಣಿಕೆ. ಹೋಗಿ ನೋಡಿದರೆ ಬಾಯಿಯವರು ಅಂಗಳದಲ್ಲಿ ಒಬ್ಬ ಹುಡುಗನ ಕಿವಿ ಹಿಂಡುತ್ತ ನಿಂತಿದ್ದರು.

"ಒಣಾ ಹಾಕಿದ ಹಪ್ಪಳಾ ಮತ್ತ ಮುಟ್ಟು, ನಿನ್ನ ಹಿಡದು ಆ ಬಿಸಲಾಗ ಹಪ್ಪಳದ ಜೋಡಿನ ಒಣಗಸ್ತೀನಿ ಭಾಡ್ಯಾ!"

ನಾನು ಗೇಟಿನಲ್ಲೇ ದಂಗಾಗಿ ನಿಂತೆ. ಮನೆ ತಪ್ಪಿತೇ ಎಂದುಕೊಂಡೆ. ಅವರು ನನ್ನ ಕೈಯ ಗಜಕಡ್ಡಿ ನೋಡಿ, "ಮಿಸ್ತ್ರಿ ಅಲ್ಲ? ಬಾ ಒಳಗ" ಎಂದರು. ಅದುವರೆಗೆ ನನ್ನನ್ನು ಎಲ್ಲರೂ ಪೋರ ಎನ್ನುತ್ತಿದ್ದರು. ಮಿಸ್ತ್ರಿ ಎಂದವರು ಅವರೇ ಮೊದಲು. ನಾನು ಎರಡು ಬೆರಳು ಎತ್ತರವಾದೆ.

ಬೆಂಚು ಏಕೆ ಬೇಕು ಎಂದು ಕೇಳಿದೆ. ರವಿವಾರ ಮುಂಜಾನೆ ಕ್ವಾರ್ಟರ್ಸಿನ ಮಕ್ಕಳು ಅವರ ವರಾಂಡದಲ್ಲಿ ಸೇರುತ್ತಿದ್ದರು. ಎಲ್ಲರಿಗೂ ಅವರು ಮೌಶಿ, ಮರಾಠಿಯವರು ಚಿಕ್ಕಮ್ಮನನ್ನು ಕರೆಯುವ ಹಾಗೆ. ಮೌಶಿ ಆ ವಾರ ಬರೆದದ್ದನ್ನು ಓದುವುದು, ಮಕ್ಕಳು ಕೇಳುವುದು. ಅದಕ್ಕೊಂದು ಕಾನೂನು. ಕೇಳುವವರಲ್ಲಿ ಒಬ್ಬರು ನಡುವೆ ಎದ್ದರೂ ಕತೆ ಸೋತ ಹಾಗೆ. ಆ ಹಾಳೆಗಳನ್ನು ಅಲ್ಲೇ ಎಲ್ಲರೆದುರು ಹರಿದುಹಾಕುತ್ತಿದ್ದರು.

"ಈಗ ಥಂಡಿ ದಿವಸ. ಫರಸಿಕಲ್ಲಿನ ನೆಲಾ ಕೊರೀತದ," ಎಂದರು ಬಾಯಿಯವರು. "ಹುಡುಗರು ಕತಿ ಬ್ಯಾಸರಾಗಿ ಏಳ್ತಾವೋ, ಕುಂಡಿ ಥಂಡಾಗಿ ಏಳ್ತಾವೋ ನನಗ ತಿಳೀವಲ್ದು. ಬೆಂಚ್ ಇದ್ರ ನ್ಯಾಯ ಬರೋಬರ್ ಆಗ್ತದ."

ಒಳಗಿನಿಂದ ರಾಯರ ದನಿ ಬಂತು: "ಮಿಸ್ತ್ರಿ, ಬೆಂಚಿಗೆ ಒಂದು ಪಟ್ಟಾನೂ ಹಚ್ಚಿಬಿಡಪ್ಪಾ. ಕಟ್ಟಿಹಾಕಿ ಓದ್ತಾಳ!"

ಹರಿಯುವುದೆಂದರೆ ಬಾಯಿಮಾತು ಎಂದುಕೊಂಡಿದ್ದೆ. ಮೊದಲ ರವಿವಾರ ನಾನು ಹಿತ್ತಿಲಲ್ಲಿ ಹಲಗೆ ಕೊಯ್ಯುತ್ತಿದ್ದಾಗ ಸಣ್ಣ ಹುಡುಗನೊಬ್ಬ ಎದ್ದು ಅವಸರದಿಂದ ನನ್ನ ಕಡೆಗೆ ಓಡಿಬಂದ. ಹಿಂದೆಯೇ ಪರ್ರೆಂದು ಸದ್ದು. "ಮೌಶೀ, ಅಂವ ಒಂದಕ್ಕ ಹೊಂಟಾನ್ರೀ!" ಎಂದು ಮಕ್ಕಳೆಲ್ಲ ಕೂಗಿದರು. "ಕತಿ ಚಂದ ಇದ್ರ ತಡಕೋತಿದ್ದ," ಎಂದು ಮೌಶಿ ಇನ್ನೊಮ್ಮೆ ಹರಿದರು.

ನನ್ನ ಗರಗಸ ಹಲಗೆಯಲ್ಲೇ ನಿಂತುಬಿಟ್ಟಿತು. ನೀವೇ ಹೇಳಿ, ವಾರವಿಡೀ ಮಾಡಿದ ಕೆಲಸ! ರೊಟ್ಟಿ ಬಡಿಯುತ್ತ, ಕೈ ಒರೆಸಿಕೊಂಡು ಒಂದು ಸಾಲು ಬರೆದು, ಮತ್ತೆ ಹಿಟ್ಟಿಗೆ ಕೈ ಹಾಕುವುದನ್ನು ನಾನೇ ನೋಡಿದ್ದೆ. ನಾನು ಹಲಗೆ ತಪ್ಪಿ ಕೊಯ್ದರೆ ಅದರಲ್ಲೊಂದು ಮಣೆಯಾದರೂ ಮಾಡುತ್ತೇನೆ. ಇವರ ಕೈಗೆ ಹರಿದ ಚೂರಷ್ಟೇ ಉಳಿಯುತ್ತಿತ್ತು, ಅದು ಒಲೆಗೆ ಹೋಗುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ ಬರೆಯಲು ಕೂಡುತ್ತಿದ್ದರು. ಈ ಹೆಂಗಸಿಗೆ ತಲೆ ನೆಟ್ಟಗಿದೆಯೇ ಎಂದು ಅವತ್ತು ಅನುಮಾನ ಬಂತು. ಹಾಗೆಯೇ, ಇಂಥ ಕೆಲಸಗಾರರನ್ನು ನಾನು ನೋಡಿಲ್ಲ ಎಂದೂ ಅನ್ನಿಸಿತು.

ಬೆಂಚಿನ ಕೆಲಸ ಕೆಲವು ರವಿವಾರ ನಡೆಯಿತು. ಮಕ್ಕಳು ಬರುವ ಮೊದಲು ಬಾಯಿಯವರು ಮಾತಿಗೆಳೆಯುತ್ತಿದ್ದರು. ಕತೆ ಶುರುವಾಗಿ ಅರ್ಧಕ್ಕೆ ಬರುವ ಹೊತ್ತಿಗೆ ನಾನು ಹಿತ್ತಿಲ ಬಾಗಿಲಿನಿಂದ ಹೊರಟುಬಿಡುತ್ತಿದ್ದೆ. ಲಕಡಗಂಜದಲ್ಲಿ ಬೇರೆ ಕೆಲಸ ಕಾದಿರುತ್ತಿತ್ತು. ಕಾನೂನು ವರಾಂಡದಲ್ಲಿ ಕುಳಿತವರಿಗೆ ಮಾತ್ರ, ಹಿತ್ತಿಲಿನವನಿಗೆ ಇರಲಿಲ್ಲ.

ಒಂದು ದಿನ ಕೇಳಿದರು: "ಇಷ್ಟು ಶಾಣ್ಯಾ ಇದ್ದಿ. ಶಾಲಿ ಯಾಕ ಬಿಟ್ಟಿ?"

ಖುರ್ಚಿಯ ಸಂಗತಿ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹಿಟ್ಟಿನಲ್ಲಿದ್ದ ಅವರ ಕೈ ನಿಂತಿತು.

"ಆ ಕಾಲು ಈಗ ಹ್ಯಾಂಗದ?"

"ಗಟ್ಟಿ ಐತಂತ್ರಿ ಬಾಯಾರ. ಮಾಸ್ತರ ಬದಲಾದ್ರು, ಕಾಲು ಬದಲಾಗಿಲ್ಲ."

ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ.

ಬೆಂಚು ಮುಗಿದ ರವಿವಾರ ಅದನ್ನು ಹೊತ್ತು ವರಾಂಡಕ್ಕೆ ತಂದಿಟ್ಟೆ. ಹೊರಡಬೇಕು ಎನ್ನುವಷ್ಟರಲ್ಲಿ ಬಾಯಿಯವರು, "ಮಿಸ್ತ್ರಿ, ಇವತ್ತ ನೀನೂ ಕೂಡು. ಮೊದಲು ಮಾಡಿದಂವ ಕೂಡಬೇಕು" ಎಂದರು. ತುದಿಯಲ್ಲಿ ಕುಳಿತೆ. ಮಕ್ಕಳ ಅಳತೆಯ ಬೆಂಚು. ನನ್ನ ಮಂಡಿ ಗದ್ದಕ್ಕೆ ತಾಗುತ್ತಿತ್ತು. ಪಕ್ಕದಲ್ಲಿ ಎರಡು ಜಡೆಯ ಕುಸುಮಿ, ಏಳೆಂಟು ವರ್ಷದವಳು. "ಇವತ್ತ ಪಾಳಿ ಯಾರದ್ರಿ ಮೌಶಿ?" ಎಂದಳು. "ಕೊನಿಗೆ ಹೇಳ್ತೀನಿ, ಗಪ್ ಕೂಡು." ಕತೆ ಮುಗಿದ ಮೇಲೆ ಚುರುಮುರಿ ಉಂಡೆ ಕೊಡುತ್ತಿದ್ದರು, ಅದನ್ನು ಹಂಚುವ ಪಾಳಿ ಇರಬೇಕು ಎಂದುಕೊಂಡೆ.

ಮೌಶಿ ಓದತೊಡಗಿದರು. ಕಾಡಿನಲ್ಲಿ ಒಂದು ಶಾಲೆ. ಗಿಳಿ ಮಾಸ್ತರ. ಅವನು ಕೂಡುವ ಟೊಂಗೆ ಒಂದು ದಿನ ಲಟಕ್ಕೆಂದಿತು. ಹಕ್ಕಿಮರಿಗಳಲ್ಲಿ ಒಂದು ಮರಕುಟುಕ ಇತ್ತು, ಅದನ್ನು ಕರೆದು ರಿಪೇರಿ ಮಾಡಿಸಿದ. ಆಮೇಲೆ ಅದೇ ಟೊಂಗೆಯ ಮೇಲೆ ಕುಳಿತು ಮಗ್ಗಿ ಕೇಳಿ, ಅದರ ನೆತ್ತಿಗೇ ಕುಕ್ಕಿದ.

ನನ್ನ ಕಿವಿಯಲ್ಲಿ ಬಿಸಿನೀರು ಹೊಯ್ದಂತಾಯಿತು. ಮಕ್ಕಳು ನಗುತ್ತಿದ್ದರು. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಇವರಿಗೆ ಹೇಳಿದ್ದೆ. ಇವರು ಅದಕ್ಕೆ ರೆಕ್ಕೆ ಪುಕ್ಕ ಹಚ್ಚಿ ಹಾರಿಸಿಬಿಟ್ಟಿದ್ದರು! ಮರಕುಟುಕ ದೂರದ ಊರಿಗೆ ಹೋಯಿತು, ದೊಡ್ಡ ಬಡಿಗನಾಯಿತು. ಆ ಊರಿನ ಶಾಲೆಯವರು ಅದಕ್ಕೆ ಬೆಂಚು ಮಾಡಲು ಹೇಳಿದರು. ತಲೆಯ ಮೇಲೆ ಬೆಂಚು ಹೊತ್ತು ಶಾಲೆಯ ಬಾಗಿಲಿಗೆ ಬಂತು. ಒಳಗೆ ಪಾಠ ನಡೆದಿತ್ತು. ಬೆಂಚನ್ನು ಹೊರಗೇ ಇಟ್ಟು ಹೋಗುವುದೋ, ಒಳಗೆ ಹೋಗಿ ಅದರ ಮೇಲೆ ತಾನೂ ಕೂಡುವುದೋ? ಮರಕುಟುಕ ಹೊಸ್ತಿಲಿನಲ್ಲಿ ನಿಂತಿತು.

ಅಲ್ಲಿಗೆ ಮೌಶಿ ಓದುವುದನ್ನು ನಿಲ್ಲಿಸಿದರು. ತಲೆಯೆತ್ತಿ ನನ್ನನ್ನು ನೋಡಿದರು. ಅವರು ನೋಡಿದ್ದೇ ತಡ, ಬೆಂಚಿನ ತುಂಬ ಕುಳಿತ ಮಕ್ಕಳೆಲ್ಲ ಕತ್ತು ಹೊರಳಿಸಿ ನನ್ನ ಕಡೆ ನೋಡಿದವು.

ನಾನು ಎದ್ದೆ. "ನನಗ ಕೆಲಸ ಐತ್ರಿ ಬಾಯಾರ."

ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಹಿಂದೆ ಪರ್ರೆಂದಿತು. "ಮೌಶೀ, ಬ್ಯಾಡ್ರೀ!" ಎಂದು ಕುಸುಮಿ ಚೀರಿದಳು. ಕೊಯ್ಯುವುದು ಮುಗಿಯುವ ಮುಂಚೆ ಹಲಗೆ ತಾನಾಗಿ ಸೀಳಿಕೊಳ್ಳುತ್ತದಲ್ಲ, ಆ ಸದ್ದು. ಮಕ್ಕಳು ಏಳಬಾರದೆಂದು ನಾನೇ ಮಾಡಿದ ಬೆಂಚು. ಅದರಿಂದ ಮೊದಲು ಎದ್ದವನು ನಾನು.

ಮತ್ತೆ ಆ ಕಡೆ ಹೋಗಲಿಲ್ಲ. ಬೇಸಿಗೆಯಲ್ಲಿ ರಾಯರಿಗೆ ವರ್ಗವಾಯಿತು ಎಂದು ಮಾವ ಹೇಳಿದ.

ಸಿಟ್ಟು ಬೇಗ ಇಳಿಯಿತು. ಇಳಿಯದೆ ಉಳಿದದ್ದು ಬೇರೆ. ಮುಂದೆ ಏನು ಬರೆದಿದ್ದರು? ಮರಕುಟುಕವನ್ನು ಗಿಳಿಯ ಕಾಲಿಗೆ ಬೀಳಿಸಿದ್ದರೇ? ಓದದವನ ಗತಿ ಇಷ್ಟೇ ಎಂದು ಬಾಗಿಲಿನಿಂದ ಓಡಿಸಿದ್ದರೇ? ನನ್ನ ಬಗ್ಗೆ ಆ ಹೆಂಗಸು ಮನಸ್ಸಿನಲ್ಲಿ ಏನು ತೀರ್ಮಾನ ಮಾಡಿದ್ದರು ಎನ್ನುವುದು ಆ ಹರಿದ ಹಾಳೆಯಲ್ಲಿತ್ತು. ಒಳ್ಳೆಯ ಮೇಜು ಮಾಡಿ ಕೊಟ್ಟ ದಿನವೂ, ಸ್ವಂತ ಅಂಗಡಿ ಹಾಕಿದ ದಿನವೂ ಆ ಪ್ರಶ್ನೆ ಬಂದು ಪಕ್ಕದಲ್ಲಿ ಕೂಡುತ್ತಿತ್ತು. ಲಗ್ನಕ್ಕೆಂದು ಹುಬ್ಬಳ್ಳಿಗೆ ಹೋದಾಗಲೆಲ್ಲ ಪುಸ್ತಕದ ಅಂಗಡಿಗಳಲ್ಲಿ ಅವರ ಹೆಸರು ಹುಡುಕಿದೆ. ಮೂರು ಪುಸ್ತಕ ಸಿಕ್ಕವು. ಮೂರರಲ್ಲೂ ಮರಕುಟುಕ ಇಲ್ಲ.

ಇನ್ನೊಂದು ಮಾತು. ಆ ಪುಸ್ತಕಗಳ ಕತೆಗಳು ಸೊಗಸಾಗಿ ಹೋಗುತ್ತಿದ್ದವು, ಎಲ್ಲೂ ಒಂದು ಸಿಬಿರು ಚುಚ್ಚುತ್ತಿರಲಿಲ್ಲ. ಆದರೆ ಕೊನೆ ಬಂತೆಂದರೆ ಗಾಬರಿಯಾಗುತ್ತಿತ್ತು. ನದಿಯಲ್ಲಿ ಅಳುತ್ತಿದ್ದ ಮೊಸಳೆ ಇದ್ದಕ್ಕಿದ್ದಂತೆ ತಹಸೀಲ್ದಾರನಾಗಿಬಿಡುತ್ತಿತ್ತು. ದಾರಿ ತಪ್ಪಿದ ಆನೆ ಸೈಕಲ್ ಏರಿ ಮುಂಬಯಿಗೆ ಹೊರಡುತ್ತಿತ್ತು. ಚಂದ್ರನನ್ನು ಒಬ್ಬ ಅಜ್ಜಿ ಚಕ್ಕುಲಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಡಿಯುತ್ತಿದ್ದಳು, ಮುಗಿಯಿತು! ಬಾಯಿಯವರಿಗೆ ಹಲಗೆ ಹೊಂದಿಸಲು ಬರುತ್ತದೆ, ಕಾಲು ಕೂರಿಸಲು ಬರುವುದಿಲ್ಲ ಎಂದು ನನ್ನ ಹೆಂಡತಿಯ ಮುಂದೆ ದೊಡ್ಡ ವಿಮರ್ಶಕನ ಹಾಗೆ ಹೇಳುತ್ತಿದ್ದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನೇ ಹೇಳಿಕೊಂಡು ಬಂದೆ.

ಈಗ ಕುಸುಮಿಯ ಚಹಾ ಮುಗಿದಿರಬೇಕು.

"ಮೌಶಿ ಊರಿಗೆ ಹೋಗೂ ಮುಂದ ಬೆಂಚ್ ನಮ್ಮ ಮನ್ಯಾಗ ಬಿಟ್ಟ ಹೋದ್ರು," ಎಂದಳು. "ನಮ್ಮಪ್ಪ ಇಲ್ಲೇ ರಿಟಾಯರ್ ಆದ್ರಲ್ಲ. ಈಗ ನನ್ನ ಮಗಾ ಇದರ ಮ್ಯಾಲೆ ಕೂತು ಓದ್ತಾನ. ಕನ್ನಡ ಬರಂಗಿಲ್ಲ ಬಿಡ್ರಿ, ಎಲ್ಲಾ ಮರಾಠಿನ."

"ಮೌಶಿ ಹ್ಯಾಂಗ ಅದಾರ?"

"ಹೋಗಿ ಎರಡು ವರ್ಷ ಆತ್ರಿ ಕಾಕಾ. ಧಾರವಾಡದಾಗ."

ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಇನ್ನು ಕೇಳುವುದಿದ್ದರೆ ಇವಳನ್ನೇ ಕೇಳಬೇಕು. ಕೇಳಿಯೇಬಿಟ್ಟೆ. "ಅವತ್ತ ಆ ಮರಕುಟುಕನ ಕತಿ. ಕೊನಿಗೆ ಏನ ಬರದಿದ್ರು, ನಿನಗೇನರ ಗೊತ್ತೇನು?"

ಅವಳು ಕಣ್ಣು ದೊಡ್ಡದು ಮಾಡಿದಳು. "ಅಯ್ಯ, ಕೊನಿ ಎಲ್ಲಿ ಬರೀತಿದ್ರು ಕಾಕಾ? ಮೌಶಿ ಒಂದು ಕತಿಗೂ ಕೊನಿ ಬರದವರಲ್ಲ. ತಂದು ಬಾಗಲದಾಗ ನಿಲ್ಲಸ್ತಿದ್ರು. ಪಾಳಿ ಯಾರದೋ ಅವರು ಮುಂದಿಂದು ಹೇಳಬೇಕು. ಹೇಳಿದ್ದನ್ನ ಒಂದಕ್ಷರ ಬದಲಿ ಮಾಡದ ಬರಕೋತಿದ್ರು."

"ಮೊಸಳಿ ತಹಸೀಲ್ದಾರ ಆಗಿದ್ದು?"

"ಅದು ನಂದ್ರಿ!" ಎಂದು ಎದೆ ತಟ್ಟಿಕೊಂಡಳು. ಬ್ಯಾಂಕಿನ ಹೆಂಗಸು ಹೋಗಿ ಒಂದು ಗಳಿಗೆ ಎರಡು ಜಡೆ ಬಂದವು. ಆಮೇಲೆ ದನಿ ತಗ್ಗಿಸಿದಳು. "ಅವತ್ತ ಪಾಳಿ ನಿಮ್ಮದಿತ್ತು. ದೊಡ್ಡವರಿಗೆ ಪಾಳಿ ಕೊಟ್ಟಿದ್ದು ಅದೊಂದ ಸಲಾ. ನಾವು ಹೇಳ್ತೀವಿ, ನಾವು ಹೇಳ್ತೀವಿ ಅಂತ ಗಂಟು ಬಿದ್ವಿ. ಬಿಡಲಿಲ್ಲ. 'ಅದು ಮಿಸ್ತ್ರೀ ಪಾಳಿ, ಅಂವ ಬರ್ತಾನ' ಅಂದ್ರು. ವರ್ಗ ಆಗೂತನಕಾ ಆ ತುದೀಗೆ ಯಾರನ್ನೂ ಕೂಡಿಸಲಿಲ್ಲರಿ ಅವರು."

ನಾನು ಬೆಂಚಿನ ಆ ತುದಿಯನ್ನೇ ಕೈಯಿಂದ ಸವರತೊಡಗಿದೆ. ಕೆಲಸದ ಹುಡುಗರಲ್ಲೊಬ್ಬ ಯಂತ್ರ ನಿಲ್ಲಿಸಿ, "ಸೇಠ್, ಕ್ಯಾ ಹುವಾ?" ಎಂದ. ಅಷ್ಟು ವರ್ಷ ನಾನು ಹುಡುಕಿದ್ದು ನನ್ನ ಬಗ್ಗೆ ಅವರು ಕೊಟ್ಟ ತೀರ್ಪನ್ನು. ಅವರು ತೀರ್ಪನ್ನೇ ಬರೆದಿರಲಿಲ್ಲ. ಹೊಸ್ತಿಲವರೆಗೆ ತಂದು, ಇನ್ನು ನೀನೇ ಹೇಳಪ್ಪ ಎಂದು ತಲೆಯೆತ್ತಿ ನೋಡಿದ್ದರು. ಆ ನೋಟಕ್ಕೆ ನಾನು ನನಗೆ ತೋಚಿದ ಅರ್ಥ ಹಚ್ಚಿಕೊಂಡು ಮೆಟ್ಟಿಲಿಳಿದಿದ್ದೆ.

"ಈಗರ ಹೇಳ್ರಿ," ಎಂದಳು ಕುಸುಮಿ, ನಗುತ್ತಲೇ. "ಒಳಗ ಹೋತೋ ಇಲ್ಲೋ?"

ಗೂಟ ಬದಲಿಸುವುದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಆದರೂ ಬೆಂಚನ್ನು ಅವಳ ಜೊತೆ ಕಳಿಸಲಿಲ್ಲ. "ರವಿವಾರ ಬಾರವ್ವಾ. ಮಗನ್ನೂ ಕರಕೊಂಡ ಬಾ, ಅಂವಗ ತಿಳೀಲಿ ಅಂತ ಮರಾಠಿ ಒಳಗೂ ಹೇಳ್ತೀನಿ" ಎಂದೆ. ಅವಳು ಹೋದ ಮೇಲೆ ಬೆಂಚಿನ ತುದಿಗೆ ಕುಳಿತು ನೋಡಿದೆ. ಮಂಡಿ ಈಗಲೂ ಗದ್ದಕ್ಕೇ ತಾಗುತ್ತದೆ. ಎದುರಿಗೆ ಯಾರೂ ಇಲ್ಲದಿದ್ದರೂ "ಮರಕುಟುಕ" ಎಂದು ಶುರುಮಾಡಿ, ಉಳಿದದ್ದನ್ನು ರವಿವಾರಕ್ಕೆ ಇಟ್ಟೆ.

ಮೌಶಿಗೆ ಕಾಲು ಕೂರಿಸಲು ಬರುವುದಿಲ್ಲ ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹೆಂಡತಿಗೂ ಹೇಳಿದ್ದೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಲಕಡಗಂಜದಲ್ಲಿ ಒಂದು ಅಂಗಡಿ, ಎರಡು ಯಂತ್ರ, ನಾಲ್ಕು ಜನ ಕೆಲಸಗಾರರು, ಧರಮಪೇಠದಲ್ಲಿ ಮೂರು ಕೋಣೆಯ ಮನೆ, ಸುಶೀಲಾಬಾಯಿಯವರ ಮೂರು ಪುಸ್ತಕ, ರಿಪೇರಿಯಾದ ಒಂದು ಬೆಂಚು, ರವಿವಾರಕ್ಕೆ ಒಂದು ಪಾಳಿ.