ಹಿತ್ತಲ ಕಂಡಿಯ ಡಬಗಳ್ಳಿ

ಆ ಕಾಲಕ್ಕೆ ನಮ್ಮ ಕಡೆಯ ಮನೆಗಳಿಗೆ ಮುಂದೆ ಬಾಗಿಲು, ಹಿಂದೆ ಕಳ್ಳಿ. ಮಾದನಹಿಪ್ಪರಗಾದಿಂದ ಹರದಾರಿ ದೂರದ ನಮ್ಮೂರಲ್ಲಿ ಗೋಡೆ ಕಟ್ಟಿಸಲು ತ್ರಾಣವಿಲ್ಲದವರೆಲ್ಲ ಹಿತ್ತಲ ಸುತ್ತ ಡಬಗಳ್ಳಿ ಹಚ್ಚುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ ಅದು. ದೇಶಕ್ಕೆ ಬಂದಿತ್ತು, ನಿಜಾಮನ ರಾಜ್ಯದಲ್ಲಿದ್ದ ನಮಗಿನ್ನೂ ಬಂದಿರಲಿಲ್ಲ. ಒಂದು ಮುಂಜಾನೆ ಹಿತ್ತಲಲ್ಲಿ ಕುಡುಗೋಲು ಹಿಡಿದ ನಮ್ಮಜ್ಜ ಮುತ್ಯಾ, ಕೂಸು ತಮ್ಮನನ್ನು ಎತ್ತಿಕೊಂಡ ಅವ್ವ, ಹಿಂದಿನ ಓಣಿಯ ಮೌಲಾಬಿ ಖಾಲಾ ಮತ್ತು ಎಂಟು ವರ್ಷದ ನಾನು ನಿಂತಿದ್ದೆವು. ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಒಂದು ಕಂಡಿಯಿತ್ತು. ಮೌಲಾಬಿ ಮಜ್ಜಿಗೆಗೆ ಬರುತ್ತಿದ್ದದ್ದು, ಅವ್ವ ಬೆಂಕಿ ತರಲು ಹೋಗುತ್ತಿದ್ದದ್ದು ಅದರಲ್ಲೇ. ಅದನ್ನು ಮುಚ್ಚಬೇಕೆಂದು ಮುತ್ಯಾ ನಿಶ್ಚಯ ಮಾಡಿದ್ದ.

"ನಾ ಇನ್ನ ಸುತ್ತ ಹಾಕ್ಕೊಂಡು ಬರಬೇಕೇನ್ ಮುತ್ಯಾ?" ಅಂದಳು ಮೌಲಾಬಿ.

"ಜೀವ ಉಳದ್ರ ಸುತ್ತ ಹಾಕೂಣಂತ ಬೇ."

"ಅವರು" ಬರುತ್ತಾರೆ ಎಂಬ ಅಂಜಿಕೆ. ಊರು ಸುಲಿಯುವ ಆ ದಂಡಿನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರು ಅಂದರೆ ಸಾಕು, ಅವ್ವನ ಕೈಯ ರೊಟ್ಟಿ ಒಲೆಯಲ್ಲೇ ಸುಡುತ್ತಿತ್ತು.

ನಮ್ಮದು ಗಿಡ್ಡ ಜಾತಿಯ ಕಳ್ಳಿ, ದೊಡ್ಡವರ ಸೊಂಟ ಮುಟ್ಟುತ್ತಿರಲಿಲ್ಲ. ಅಂಗೈಯಂಥ ದಪ್ಪ ಎಲೆಗಳು ಒಂದರ ನೆತ್ತಿಯ ಮೇಲೊಂದು. ಅವು ಎಲೆಯಲ್ಲ, ಕಾಂಡ ಎಂಬುದು ನನಗೆ ತಿಳಿದದ್ದು ಆಮೇಲೆ ಶಾಲೆಯಲ್ಲಿ. ಹಳದಿ ಹೂವು, ತಿಂದರೆ ನಾಲಿಗೆ ಕೆಂಪಾಗುವ ಹಣ್ಣು. ಉದ್ದ ಮುಳ್ಳು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಅಂಜಬೇಕಿಲ್ಲ. ಅದರ ಬುಡದಲ್ಲಿ ಗೊಂಚಲಾಗಿರುವ ಕೂದಲಿನಂಥ ಸಣ್ಣ ಮುಳ್ಳು ಚರ್ಮ ಹೊಕ್ಕರೆ ವಾರಗಟ್ಟಲೆ ಉರಿ.

ಮುತ್ಯಾ ಎಲೆ ಕೊಯ್ದು ದನದ ಕೊಟ್ಟಿಗೆಯ ನೆರಳಿಗೆ ಹರವಿದ.

"ಈಗೇ ಹಚ್ಚು ಮುತ್ಯಾ. ಅವರು ನಾಳಿ ಬಂದ್ರ?" ಅಂದೆ ನಾನು.

"ಕೊಯ್ದ ಗಾಯ ಒಣಗಬೇಕ ಬೇ. ಹಸಿ ಗಾಯ ಮಣ್ಣಿಗಿಟ್ರ ಕೊಳೀತದ."

ಎಂಟು ದಿನದ ಮೇಲೆ ಬೆರಳುದ್ದ ಗುಂಡಿ ತೋಡಿ ನಿಲ್ಲಿಸಿದ. "ಬೇರು ಬಿಡೂ ತನಕಾ ಒಂದು ಹನಿ ನೀರ ತೋರಿಸಬ್ಯಾಡ್ರಿ" ಎಂದು ಎಲ್ಲರಿಗೂ ಹೇಳಿದ.

ನನಗದು ತಿಳಿಯಲಿಲ್ಲ. ನೀರು ಹಾಕಿದರೆ ಬದನೆ ಬೆಳೆಯುತ್ತದೆ, ಬಳ್ಳಿ ಬೆಳೆಯುತ್ತದೆ, ಕಳ್ಳಿ ಯಾಕೆ ಬೆಳೆಯಬಾರದು? ಎಲ್ಲರೂ ಮಧ್ಯಾಹ್ನ ಅಡ್ಡಾದಾಗ ತಂಬಿಗೆ ತುಂಬಿ ಒಯ್ದು ಒಂದೊಂದರ ಬುಡಕ್ಕೂ ಹೊಯ್ದೆ. ಮರುದಿನವೂ ಹೊಯ್ದೆ. ಗೇಣು ಹಾಕಿ ಅಳೆದೆ, ಏರಿರಲಿಲ್ಲ. ಎರಡು ತಂಬಿಗೆ ಮಾಡಿದೆ.

ಹತ್ತನೆಯ ದಿನಕ್ಕೆ ಎಲೆಗಳ ಬುಡ ಹಳದಿಗೆ ತಿರುಗಿ ಮೆತ್ತಗಾಯಿತು. ಕೊಳೆತ ಸೌತೆಕಾಯಿಯ ನಾತ. ಒಂದು ಬಿತ್ತು, ಎರಡು ಬಿದ್ದವು. ಅವರು ಬರುವುದು ಇಲ್ಲಿಂದಲೇ, ತಮ್ಮನನ್ನು ಅವರು ಕೊಂದರೆ ಅದು ನನ್ನಿಂದಲೇ ಎಂದುಕೊಂಡೆ. ಬಿದ್ದವನ್ನು ಬರಿಗೈಯಿಂದ ಎತ್ತಿ ಕಟ್ಟಿಗೆ ಆನಿಸಿ ನಿಲ್ಲಿಸಿದೆ. ಅಂಗೈ ತುಂಬ ಮುಳ್ಳು. ಅವ್ವನ ಎದುರು ಮುಷ್ಟಿ ಬಿಚ್ಚಲಾರದೆ ಮೌಲಾಬಿಯ ಮನೆಗೆ ಓಡಿದೆ.

ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ನನ್ನ ಕೈ ನೋಡಿದ್ದೇ ಹಿಟ್ಟಿನ ಮುದ್ದೆಯನ್ನು ಅಂಗೈಗೆ ಒತ್ತಿ ಒತ್ತಿ ಕಿತ್ತಳು. ಕೂದಲು ಮುಳ್ಳುಗಳು ಹಿಟ್ಟಿಗೆ ಅಂಟಿ ಬಂದವು.

"ನೀರ ಹಾಕೀದಿ, ಹೌದಲ್ಲ?"

ನಾನು ಅತ್ತೆ. "ಮುತ್ಯಾಗ ಹೇಳಬ್ಯಾಡ ಖಾಲಾ."

"ಚುಪ್! ರಾತ್ರಿ ಈ ಹಿಟ್ಟಿನ ರೊಟ್ಟಿ ತಿಂದು ಮುಳ್ಳ ಚುಚ್ಚಿ ನಮ್ಮ ಮನಿ ಮಂದಿ ಸತ್ರ ಅದಕ್ಕೂ ಅಳಾಕಿ ನೀ" ಎಂದು ನಕ್ಕು ಆ ಹಿಟ್ಟನ್ನು ತಿಪ್ಪೆಗೆ ಎಸೆದಳು.

ಎರಡು ದಿನದ ಮೇಲೆ ಅಪ್ಪ, ಮುತ್ಯಾ, ಗಂಡಸರೆಲ್ಲ ಹೊಲದಲ್ಲಿದ್ದಾಗ ಓಣಿಯಲ್ಲಿ ಕುದುರೆಯ ಸದ್ದಾಯಿತು. ಅವ್ವ ತಮ್ಮನ ಬಾಯಿ ಮುಚ್ಚಿ ನನ್ನನ್ನು ಮೇವಿನ ಕೋಣೆಗೆ ದಬ್ಬಿದಳು. ಜೋಳದ ಕಣಿಕೆಯ ಸಂದಿಯಿಂದ ಕಂಡಿ ನೇರ ಕಾಣುತ್ತಿತ್ತು. ನಾಲ್ಕು ಕುದುರೆಗಳ ಕಾಲು ಬಂದು ನಿಂತವು. ಒಂದು ಕುದುರೆ ಕಂಡಿಯೊಳಕ್ಕೆ ಮೂತಿ ಚಾಚಿತು. ನಾನು ಆನಿಸಿಟ್ಟ ಎಲೆಯೊಂದು ಉರುಳಿತು. ನನಗೆ ನಿಂತಲ್ಲೇ ಉಚ್ಚೆ ಹೋಯಿತು. ಕುದುರೆ ಮೂತಿ ಒದರಿ ಕೆನೆದು ಹಿಂದೆ ಸರಿಯಿತು. ಎಲೆ ಕೊಳೆತರೂ ಮುಳ್ಳು ಕೊಳೆತಿರಲಿಲ್ಲ. ಯಾರೋ ಬೈದರು, ಯಾರೋ ನಕ್ಕರು, ಸದ್ದು ದೂರವಾಯಿತು. ಮುಳ್ಳಿಗೆ ಅಂಜಿ ಹೋದರೋ, ನಮ್ಮ ಓಣಿಯಲ್ಲಿ ಅವರಿಗೆ ಕೆಲಸವೇ ಇರಲಿಲ್ಲವೋ, ಇಂದಿಗೂ ತಿಳಿಯದು.

ಸಂಜೆ ಮುತ್ಯಾ ಕಂಡಿ ನೋಡಿ ಗುಡುಗಿದ. "ನೀರ ಯಾರ ಹಾಕೀರಿ?"

ನಾನು ಅವ್ವನ ಸೆರಗು ಹಿಡಿದೆ. ಓಣಿಯಾಚೆಯಿಂದ ಮೌಲಾಬಿ ಕೂಗಿದಳು. "ನಾನೇರಿ ಮುತ್ಯಾ. ಮುಸುರಿ ನೀರ ಚೆಲ್ಲೇನಿ. ನನಗ ಸುತ್ತ ಹಾಕಾಕ ಕಾಲು ನೋಯ್ತಾವ."

"ಹುಚ್ಚಿ" ಎಂದ ಮುತ್ಯಾ. ಅಷ್ಟರಲ್ಲಿ ಮಳೆ ಹಿಡಿಯಿತು. ಹಸಿ ನೆಲಕ್ಕೆ ಕಳ್ಳಿ ಹಚ್ಚಿದರೆ ಮತ್ತೆ ಕೊಳೆಯುತ್ತದೆಂದು ಕಂಡಿ ಹಾಗೇ ಉಳಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದುಸ್ತಾನದ ಫೌಜು ಬಂತು, ನಿಜಾಮನ ಆಳ್ವಿಕೆ ಹೋಯಿತು. ಊರಲ್ಲಿ ಸಕ್ಕರೆ ಹಂಚಿದರು. ನಮ್ಮ ಮನೆಯ ಅಂಜಿಕೆ ಓಣಿ ದಾಟಿ ಮೌಲಾಬಿಯ ಮನೆ ಹೊಕ್ಕಿತು. ಆ ದಂಡಿನ ಮೇಲಿನ ಸೇಡನ್ನು ಮುಸಲ್ಮಾನರ ಮನೆಗಳ ಮೇಲೆ ತೀರಿಸಿಕೊಳ್ಳುವವರು ಸುತ್ತಲ ಹಳ್ಳಿಗಳಲ್ಲಿ ಎದ್ದಿದ್ದರು. ಒಂದು ಮಧ್ಯಾಹ್ನ ಅವಳು ಮಗಳ ಕೈ ಹಿಡಿದು ಕಂಡಿಯಲ್ಲಿ ನುಸುಳಿ ಬಂದು ನಮ್ಮ ಹಿತ್ತಲಲ್ಲಿ ನಿಂತಳು. ಮುತ್ಯಾ ಮೇವಿನ ಕೋಣೆಯ ಬಾಗಿಲು ತೆಗೆದ.

ಮರುದಿನ ಏಳೆಂಟು ಮಂದಿ ನಮ್ಮ ಕಟ್ಟೆಗೆ ಬಂದರು. ಈ ಸಲ ಕುದುರೆ ಇರಲಿಲ್ಲ, ಎಲ್ಲರ ಹೆಸರೂ ನನಗೆ ಗೊತ್ತಿತ್ತು.

"ಮೌಲಾಬಿ ಎಲ್ಲಿ ಹೋದಳ್ರಿ ಮುತ್ಯಾ?"

"ಊರ ಬಿಟ್ಟಾಳ. ನೀವು ಬಿಡಿಸೀರಿ, ಮತ್ತ ನನ್ನ ಕೇಳತೀರಿ."

ಅವರಲ್ಲೊಬ್ಬ ನನ್ನ ಗಲ್ಲ ಹಿಡಿದು, "ನೀ ನೋಡೀದಿ ಏನ್ ಬೇ?" ಎಂದ. ಇಲ್ಲ ಎಂದು ತಲೆಯಾಡಿಸಿದೆ.

ಹನ್ನೊಂದು ದಿನ ಅವ್ವ ಮೇವಿನ ಬುಟ್ಟಿಯಲ್ಲಿ ರೊಟ್ಟಿ ಮುಚ್ಚಿ ಒಯ್ದಳು. ಹನ್ನೆರಡನೆಯ ದಿನ ಮೌಲಾಬಿಯ ಅಣ್ಣ ಬಂಡಿ ತಂದು ಅವರಿಬ್ಬರನ್ನೂ ಕಲಬುರ್ಗಿಗೆ ಕರೆದೊಯ್ದ.

ಈಗ ಆ ಓಣಿಯಲ್ಲಿ ಎಲ್ಲರ ಮನೆಗೂ ಗೇಟಿದೆ, ಮಜ್ಜಿಗೆಗೆ ಯಾರೂ ಹಿಂದಿನಿಂದ ಬರುವುದಿಲ್ಲ. ಆ ವರ್ಷ ನೆಲ ಒಣಗಿದ ಮೇಲೂ ಮುತ್ಯಾ ಕಳ್ಳಿ ಹಚ್ಚಲಿಲ್ಲ. ಕೇಳಿದರೆ, "ಆಕಿ ಹೊಳ್ಳಿ ಬಂದ್ರ ಎಲ್ಲಿಂದ ಬರಬೇಕು?" ಎನ್ನುತ್ತಿದ್ದ. ಅವಳು ಬರಲಿಲ್ಲ. ಮೂರನೆಯ ವರ್ಷ ಮುತ್ಯಾ ತೀರಿಕೊಂಡ. ದಿವಸದ ಕಾರ್ಯ ಮುಗಿದ ತಿಂಗಳಿಗೆ ಅಪ್ಪ ಅಲ್ಲಿ ಕಲ್ಲಿನ ಗೋಡೆ ಕಟ್ಟಿಸಿದ.