ನಮ್ಮ ವೆಬ್‌ಸೈಟಿನ ಮೊದಲ ಗಿರಾಕಿ

ಶಹಾಪುರದ ನಮ್ಮ ಮನೆಯಲ್ಲಿ ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. ಊರಿನ ಗಿರಾಕಿಗಳು ಬಾಗಿಲಿಗೇ ಬರುತ್ತಾರೆ. ಹೊರಗಿನವರಿಗೂ ಮುಟ್ಟಲಿ ಎಂದು ಕಲಬುರಗಿಯ ಒಬ್ಬ ಯುವಕನಿಂದ ವೆಬ್‌ಸೈಟ್ ಮಾಡಿಸಿದೆ. ತೆರೆದರೆ ಸಾಕು, ರೊಟ್ಟಿಯ ಚಿತ್ರ ಗರಗರ ತಿರುಗುತ್ತಿತ್ತು, ಹಿಂದೆ ಶಹನಾಯಿ ನುಡಿಯುತ್ತಿತ್ತು. ನನಗಂತೂ ನೋಡಿದಷ್ಟೂ ಹೆಮ್ಮೆ.

ಮೊದಲ ಆರ್ಡರ್ ತಮ್ಮದೇ ಆಗಬೇಕೆಂದು ಪಕ್ಕದ ಮನೆಯ ಆಪಾ ಹಟ ಹಿಡಿದರು. ಆಪಾ ಎಂದರೆ ಅಕ್ಕ; ಅವರು ಬಟ್ಟೆ ಹೊಲಿಯುವವರು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ. ಯಾದಗಿರಿಯಲ್ಲಿರುವ ಮಗಳಿಗೆ ರೊಟ್ಟಿ ಕಳಿಸುವುದಿತ್ತು. ಹೊಲಿಗೆ ಬದಿಗಿಟ್ಟು ನಮ್ಮ ಪಡಸಾಲೆಯಲ್ಲಿ ಫೋನ್ ಹಿಡಿದು ಕುಳಿತರು.

ಶಹನಾಯಿ ನಿಲ್ಲಿಸುವುದು ಹೇಗೆಂದು ಹುಡುಕಿದರು, ಸಿಗಲಿಲ್ಲ. ಅಷ್ಟರಲ್ಲಿ ಇಮೇಲ್ ಕೊಡಿ ಎನ್ನುವ ಚೌಕವೊಂದು ಬಂದು ಇಡೀ ಪರದೆ ಮುಚ್ಚಿತು. ಅದನ್ನು ತೆಗೆಯುವ ಗುರುತು ಸಾಸಿವೆ ಕಾಳಿನಷ್ಟಿತ್ತು.

"ಸೂಜಿಗಿ ದಾರ ಪೋಣಿಸೋದು ಇದಕ್ಕಿಂತ ಹಗುರ ಐತಿ ತಂಗಿ," ಎಂದರು.

ಹೇಗೋ ರೊಟ್ಟಿ ಆರಿಸಿದ ಮೇಲೆ ಪಾಸ್‌ವರ್ಡ್ ಕೇಳಿತು. ಬರೆದರೆ, ಇಂಗ್ಲಿಷಿನ ಒಂದು ದೊಡ್ಡಕ್ಷರ ಬೇಕೆಂದಿತು. ಅದನ್ನೂ ಹಾಕಿದರೆ, ಒಂದು ಚಿಹ್ನೆಯೂ ಬೇಕೆಂದಿತು.

"ನಾಕ್ ರೊಟ್ಟಿಗಿ ಇಷ್ಟ್ ಬಂದೋಬಸ್ತ್ ಯಾಕ?"

ವಿಳಾಸಕ್ಕೆ ಬಂದರೆ ಜಿಲ್ಲೆಗಳ ಸಾಲಿನಲ್ಲಿ ಯಾದಗಿರಿಯೇ ಇರಲಿಲ್ಲ. ಮೊದಲು ಅದೇ ಜಿಲ್ಲೆಯಲ್ಲಿತ್ತಲ್ಲ ಎಂದು ಆಪಾ ಕಲಬುರಗಿ ಒತ್ತಿದರು. ಪಿನ್‌ಕೋಡ್ ತಪ್ಪಾಗಿದೆ ಎಂದು ಕೆಂಪಗೆ ಮೂಡಿ, ಬರೆದದ್ದೆಲ್ಲ ಅಳಿಸಿಹೋಯಿತು. ಅವರು ಫೋನ್ ಕೆಳಗಿಟ್ಟು ನನ್ನ ಮುಂದೆ ಕೈ ಚಾಚಿದರು.

"ಇನ್ನ ನೀನೇ ಕೊಡು."

ಇಬ್ಬರೂ ನಕ್ಕೆವು. ಆದರೂ ನನಗೆ ಒಳಗೊಳಗೇ ಕಸಿವಿಸಿ. ಪಕ್ಕದಲ್ಲಿ ಕುಳಿತವರಿಗೇ ರೊಟ್ಟಿ ಸಿಗದಿದ್ದರೆ ದೂರದವರಿಗೆ ಎಲ್ಲಿ ಸಿಗಬೇಕು? ಯುವಕನಿಗೆ ಫೋನ್ ಮಾಡಿದೆ.

"ನನ್ನ ಕಂಪ್ಯೂಟರ್‌ನಾಗ ಛಲೋ ನಡದೈತ್ರಿ ಅಕ್ಕಾ," ಎಂದ.

"ಆಪಾನ ಫೋನಿನಾಗ ಒಮ್ಮಿ ನೋಡು ಬಾರಪ್ಪಾ."

ಭಾನುವಾರ ಬಂದ. ಆಪಾನ ಫೋನ್ ಹಿಡಿದು ತಾನೇ ಆರ್ಡರ್ ಮಾಡಲು ಕುಳಿತ. ಚೌಕ ತೆಗೆಯಲು ಹೋಗಿ ಬೇರೆಲ್ಲೋ ಒತ್ತಿದ, ಮತ್ತೆ ಒತ್ತಿದ. ಆಪಾ ಚಹಾ ತಂದಿಟ್ಟು, "ನನಗೂ ಹಂಗೇ ಆತು. ಗಡಿಬಿಡಿ ಮಾಡಬ್ಯಾಡ," ಎಂದರು. ಅವನು ನಾಚಿಕೊಂಡು ನಕ್ಕ. ಚಹಾ ಕುಡಿದು ಲ್ಯಾಪ್‌ಟಾಪ್ ತೆರೆದು ಒಂದೊಂದಾಗಿ ತೆಗೆಯುತ್ತ ಬಂದ. ಚೌಕ, ಪಾಸ್‌ವರ್ಡ್, ಶಹನಾಯಿ ಹೋದವು. ತಿರುಗುವ ರೊಟ್ಟಿ ಹೋಗುವಾಗ ಮಾತ್ರ ನನಗೆ ತುಸು ಬೇಸರವಾಯಿತು. ಕೊನೆಗೆ ಉಳಿದದ್ದು ತಿನಿಸುಗಳ ಚಿತ್ರ, ದರ ಮತ್ತು ದಪ್ಪಕ್ಷರದಲ್ಲಿ ನನ್ನ ಫೋನ್ ನಂಬರ್.

ಮರುವಾರ ಸುರಪುರದಿಂದ ಹೆಣ್ಣುಮಗಳೊಬ್ಬರು ವೆಬ್‌ಸೈಟ್ ನೋಡಿ ಫೋನ್ ಮಾಡಿದರು.

"ಸಜ್ಜಿ ರೊಟ್ಟಿ ಸಿಗ್ತಾವೇನ್ರಿ? ಇದ್ರಾಗ ಬರೀ ಜ್ವಾಳದ್ದ ಕಾಣಾಕತ್ತಾವ."

"ಸಿಗ್ತಾವ್ರಿ," ಎಂದುಬಿಟ್ಟೆ.

ಆ ಸಂಜೆಯೇ ಸಜ್ಜೆ ಹಸನು ಮಾಡಿ, ಬೀಸಿಸಲು ಗಿರಣಿಗೆ ಹೊರಟೆ.